ಚಂದ್ರವಳ್ಳಿಯ ಅಂಕಲಿಮಠಕ್ಕೆ ಇಳಿಯುವ ಮುನ್ನ

ಚಿತ್ರದುರ್ಗಕ್ಕೆ ಬಂದವರು ಮೊದಲು ಕೋಟೆ ಹತ್ತುತ್ತಾರೆ, ಸಂಜೆ ಹೊತ್ತಿಗೆ ಚಂದ್ರವಳ್ಳಿಗೆ ಓಡುತ್ತಾರೆ. ಇದನ್ನು ತಿರುವುಮುರುವು ಮಾಡಿಕೊಳ್ಳಬೇಕು. ಕೋಟೆಯ ಮೆಟ್ಟಿಲಿಗೆ ಸೋತ ಮಂಡಿ ಚಂದ್ರವಳ್ಳಿಯ ನೆಲದಡಿಯ ಗವಿಯಾದ ಅಂಕಲಿಮಠದ ಗಿಡ್ಡ ಬಾಗಿಲುಗಳಲ್ಲಿ ಬಗ್ಗುವುದಿಲ್ಲ. ದಾವಣಗೆರೆಯಿಂದ ದುರ್ಗ ಸುಮಾರು 60 ಕಿ.ಮೀ. ಅಲ್ಲಿಂದ ಚಂದ್ರವಳ್ಳಿಗೆ ಆಟೊ ಸಾಕು.

ಬೆಳಗಾವಿ ಸೀಮೆಯ ಅಂಕಲಗಿಯಿಂದ ಬಂದ ಯೋಗಿಯೊಬ್ಬರು ಇಲ್ಲಿ ತಪಸ್ಸಿಗೆ ಕೂತರೆಂದೂ ಅದರಿಂದಲೇ ಈ ಹೆಸರು ಬಂತೆಂದೂ ಪ್ರತೀತಿ. ಗೈಡ್ ಇಲ್ಲದೆ ಇಳಿಯಬೇಡಿ. ಭಾರಿ ಬಂಡೆಗಳ ಅಡಿಯಲ್ಲಿ ಕೋಣೆಯೊಳಗೆ ಕೋಣೆ ಇರುವುದರಿಂದ ಎರಡು ತಿರುವು ದಾಟಿದರೆ ದಿಕ್ಕು ತಪ್ಪುತ್ತದೆ. ಗುಂಪಿಗೆ ಎರಡು ಟಾರ್ಚ್ ಇರಲಿ, ಮುಂದಿನವರ ಕೈಯಲ್ಲೊಂದು, ಕೊನೆಯವರ ಕೈಯಲ್ಲೊಂದು. ಮೊಬೈಲ್ ಬೆಳಕನ್ನು ನಂಬಿದರೆ ಎದುರಿನವರ ಬೆನ್ನು ಕಾಣುತ್ತದೆ, ಕಾಲ ಕೆಳಗಿನ ಮೆಟ್ಟಿಲು ಕಾಣುವುದಿಲ್ಲ. ಬಿಸಿಲಿನಿಂದ ಬಂದ ಕಣ್ಣು ಕತ್ತಲಿಗೆ ಹೊಂದಲು ಬಾಗಿಲ ಬಳಿ ಐದು ನಿಮಿಷ ನಿಲ್ಲಿ. ಆತುರಪಟ್ಟವರ ಹಣೆಗೆ ಮೇಲಿನ ಕಲ್ಲು ಬಡಿಯುವುದು ಇಲ್ಲೇ. ಉಬ್ಬಸ ಇರುವವರು, ಇಕ್ಕಟ್ಟಿಗೆ ಹೆದರುವವರು ಹೊರಗೇ ಇರುವುದು ಒಳ್ಳೆಯದು. ಒಳಗೆ ಗಾಳಿಯಾಡುವುದು ಕಡಿಮೆ, ಸೆಕೆ ಜಾಸ್ತಿ.

ಒಳಗೆ ಲಿಂಗಕ್ಕೆ ಕೈಮುಗಿದು ತಿರುಗಿಬಿಡಬೇಡಿ. ಇದು ಬರೀ ಗವಿಯಲ್ಲ, ಜನ ಬಾಳಿದ ಮನೆ. ಪೂಜೆಗೊಂದು ಕೋಣೆ, ಸ್ನಾನಕ್ಕೊಂದು ಜಾಗ, ಮಲಗಲು ಮತ್ತೊಂದು. ಗೋಡೆಯ ಮೇಲೆ ಖನಿಜ ಬಣ್ಣದ ಚಿತ್ತಾರ ಇನ್ನೂ ಉಳಿದಿದೆ. ಅದರ ಹತ್ತಿರ ಟಾರ್ಚ್ ಹಿಡಿದು ನೋಡಿ, ಬೆರಳು ಮಾತ್ರ ತಾಗಿಸಬೇಡಿ. ಬೆವರು ಹತ್ತಿದ ಕಡೆ ಬಣ್ಣ ಮಂಕಾಗುತ್ತದೆ, ಹೆಗಲು ಒರಗಿದರೆ ಗಾರೆ ಉದುರುತ್ತದೆ. ಇಂಥ ಗೋಡೆಯ ಮೇಲೆ ಹೆಸರು ಕೆತ್ತಲು ಹೇಗಾದರೂ ಮನಸ್ಸು ಬರುತ್ತದೋ!

ಮೇಲೆ ಬಂದಮೇಲೆ ಕೆರೆಯ ಕಡೆಗಿರುವ ಭೈರವೇಶ್ವರ ಗುಡಿಗೆ ನಡೆಯಿರಿ. ಅಲ್ಲಿನ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಮೂರೇ ಸಾಲು, ವಿಷಯ ಕೆರೆಯದು. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ್ದು ಇದೇ ಚಂದ್ರವಳ್ಳಿಯಲ್ಲಿ. ಇಲ್ಲಿನ ಮಣ್ಣಿನಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಶಾಸನದ ಅಕ್ಷರ ಸವೆದಿದೆ, ನೇರ ಬೆಳಕಿಗೆ ಕಾಣುವುದಿಲ್ಲ. ಮಠಕ್ಕೆ ಒಯ್ದ ಟಾರ್ಚನ್ನೇ ಬದಿಯಿಂದ ಓರೆಯಾಗಿ ಹಿಡಿಯಿರಿ. ಗೀರುಗಳಲ್ಲಿ ನೆರಳು ತುಂಬಿ ಒಂದೊಂದೇ ಅಕ್ಷರ ಎದ್ದು ಬರುತ್ತದೆ.