ಹಡಗಿನಲ್ಲಿ ಬಂದ ತೋಟ

ಸೇಶೆಲ್ಸ್‌ಗೆ ಹೊರಟಿದ್ದೇವೆ ಎಂದಾಗ ಪುತ್ತೂರಿನ ಭಾವ ಕೇಳಿದ್ದು ಒಂದೇ: "ಅಲ್ಲಿ ಅಡಿಕೆ ಉಂಟಾ?" ನಾವು ತಿರುಗಿದ ಕಡೆ ಅಡಿಕೆ ಕಾಣಲಿಲ್ಲ. ಆದರೆ ಮನೆಯ ತೋಟದ ಅರ್ಧದಷ್ಟು ಗಿಡಮರಗಳು ಅಲ್ಲಿ ಎದುರಾದವು.

ಮುಂಬೈಯಿಂದ ನಾಲ್ಕು ಗಂಟೆ ಚಿಲ್ಲರೆ ವಿಮಾನ. ಹಿಂದೂ ಮಹಾಸಾಗರದ ನಡುವೆ 115 ದ್ವೀಪಗಳು, ಎಲ್ಲ ಸೇರಿ ಒಂದು ಲಕ್ಷ ಚಿಲ್ಲರೆ ಜನ. ನಮ್ಮ ತಾಲೂಕಿನಲ್ಲೇ ಅದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಮಾಹೆ ದ್ವೀಪದಲ್ಲಿರುವ ರಾಜಧಾನಿ ವಿಕ್ಟೋರಿಯಾವನ್ನು ಬೆಳಗಿನ ಕಾಫಿ ಮತ್ತು ತಿಂಡಿಯ ನಡುವೆ ನಡೆದು ಮುಗಿಸಬಹುದು. ನಾಲ್ಕು ರಸ್ತೆ ಸೇರುವಲ್ಲಿ ಬೆಳ್ಳಿ ಬಣ್ಣ ಬಳಿದ ಪುಟ್ಟ ಗಡಿಯಾರ ಗೋಪುರ, ಸ್ವಲ್ಪ ಆಚೆ ತಮಿಳರು ಕಟ್ಟಿಸಿದ ವಿನಾಯಕನ ಗುಡಿ. ಮಾರುಕಟ್ಟೆಯಲ್ಲಿ ಮೀನಿನ ಪಕ್ಕದಲ್ಲೇ ದಾಲ್ಚಿನ್ನಿ ಚಕ್ಕೆಯ ಕಟ್ಟುಗಳು. ಚಟ್ನಿಗೆ ಕ್ರಿಯೋಲ್ ಭಾಷೆಯಲ್ಲಿ 'ಸತಿನಿ' ಎನ್ನುತ್ತಾರೆ. ಶಾರ್ಕ್ ಮೀನಿನ ಸತಿನಿಯೂ ಇದೆ ಎಂದು ಗೊತ್ತಾದ ಮೇಲೆ ನನ್ನ ಹೆಂಡತಿ ಪ್ರತಿ ತಟ್ಟೆಯನ್ನೂ ಎರಡು ಸಲ ವಿಚಾರಿಸಿಯೇ ಕೈ ಹಾಕುತ್ತಿದ್ದಳು.

ಇಲ್ಲಿ ಮೂಲನಿವಾಸಿಗಳು ಎಂಬವರೇ ಇಲ್ಲ. 1770ರಲ್ಲಿ ಫ್ರೆಂಚರ ಹಡಗೊಂದು ಮೊದಲ ನೆಲಸಿಗರನ್ನು ತಂದು ಇಳಿಸಿತು: ಹದಿನೈದು ಬಿಳಿಯರು, ಏಳು ಮಂದಿ ಗುಲಾಮರು, ಐವರು ಭಾರತೀಯರು, ಒಬ್ಬಳು ಕಪ್ಪು ಹೆಂಗಸು. ಆ ಐವರು ಯಾವ ಊರಿನವರೋ, ಮನೆಯವರಿಗೆ ಏನು ಹೇಳಿ ಹೊರಟಿದ್ದರೋ ಎಂದು ನಾನು ಅಲ್ಲಿದ್ದಷ್ಟು ದಿನವೂ ಯೋಚಿಸಿದೆ. ಮುಂದೆ ದ್ವೀಪಗಳು ಬ್ರಿಟಿಷರ ಕೈಗೆ ಹೋದವು, 1976ರಲ್ಲಿ ಸ್ವತಂತ್ರವಾದವು. ಬ್ರಿಟಿಷರ ನೌಕೆ ಬಂದಾಗಲೆಲ್ಲ ಶರಣಾಗಿ, ಅದು ಮರೆಯಾದ ಕೂಡಲೇ ಮತ್ತೆ ಫ್ರೆಂಚ್ ಬಾವುಟ ಏರಿಸುತ್ತಿದ್ದ ಕೆನ್ಸಿ ಎಂಬ ಅಧಿಕಾರಿಯ ಕಥೆ ಕೇಳಿ ನಗು ಬಂತು. ಬ್ರಿಟಿಷ್ ಆಳ್ವಿಕೆಯಲ್ಲೂ ಆತ ಹುದ್ದೆ ಕಳೆದುಕೊಳ್ಳಲಿಲ್ಲ.

ದಾಲ್ಚಿನ್ನಿಯ ಕಥೆ ಇನ್ನೂ ಚೆನ್ನಾಗಿದೆ. ಡಚ್ಚರ ಮಸಾಲೆ ಏಕಸ್ವಾಮ್ಯ ಮುರಿಯಲು ಫ್ರೆಂಚರು 1772ರಲ್ಲಿ ಮಾಹೆಯಲ್ಲಿ ಗುಟ್ಟಾಗಿ ಒಂದು ಸಾಂಬಾರ ತೋಟ ಎಬ್ಬಿಸಿದರು. 1780ರಲ್ಲಿ ದೂರದಲ್ಲಿ ಕಂಡ ಹಡಗು ಶತ್ರುಗಳದ್ದೆಂದು ಹೆದರಿ, ತೋಟ ಅವರ ಪಾಲಾಗಬಾರದೆಂದು ತಾವೇ ಬೆಂಕಿ ಇಟ್ಟರು. ನೋಡಿದರೆ ಹಡಗು ಫ್ರೆಂಚರದ್ದೇ! ಆದರೆ ಹಕ್ಕಿಗಳು ಅಷ್ಟರಲ್ಲಿ ದಾಲ್ಚಿನ್ನಿ ಹಣ್ಣು ತಿಂದು ಬೀಜವನ್ನು ಗುಡ್ಡಕ್ಕೆಲ್ಲ ಹರಡಿಯಾಗಿತ್ತು. ಇವತ್ತು ಅಲ್ಲಿ ದಾಲ್ಚಿನ್ನಿ ಕಳೆಯ ಹಾಗೆ ಬೆಳೆದಿದೆ.

ಪ್ರಾಲಿನ್ ದ್ವೀಪಕ್ಕೆ ದೋಣಿಯಲ್ಲಿ ಒಂದು ಗಂಟೆ. ಜುಲೈಯ ಆಗ್ನೇಯ ಗಾಳಿಗೆ ಕಡಲು ಎದ್ದಿತ್ತು. ಆ ಒಂದು ಗಂಟೆಯ ವರದಿ ಬೇಡ.

ನಾನು ಬಂದದ್ದೇ ಅಲ್ಲಿನ ವಾಲೆ ದ ಮೇ ಕಾಡಿಗಾಗಿ. ನಮ್ಮ ಕಡೆಯ ಸನ್ಯಾಸಿಗಳ ಕೈಯಲ್ಲಿ, ಫಕೀರರ ತೋಳಿನಲ್ಲಿ ಕಾಣುವ ಕಪ್ಪು ಚಿಪ್ಪಿನ ಪಾತ್ರೆಗಳಿವೆಯಲ್ಲ, ಅವುಗಳಲ್ಲಿ ಎಷ್ಟೋ ಕೊಕೊ ದ ಮೇರ್ ಎಂಬ ಈ ಜೋಡಿ ತೆಂಗಿನ ಚಿಪ್ಪು. 1768ರವರೆಗೆ ಅದರ ಮರವನ್ನು ಹೊರಜಗತ್ತು ಕಂಡಿರಲಿಲ್ಲ. ತೇಲಿಬಂದ ಕಾಯಿ ಮಾಲ್ಡೀವ್ಸ್ ದಂಡೆಯಲ್ಲಿ ಸಿಕ್ಕರೆ ಅದು ಅರಸನ ಸೊತ್ತು. ಸಮುದ್ರದ ತಳದಲ್ಲಿ ಬೆಳೆಯುವ ಮರದ್ದು ಎಂದೇ ಜನ ನಂಬಿದ್ದರು. ಮರ ಪತ್ತೆಯಾದ ಮರುವರ್ಷವೇ ಒಂದು ಹಡಗು ತುಂಬ ಕಾಯಿ ಭಾರತದ ಮಾರುಕಟ್ಟೆಗೆ ಬಂತು, ಬೆಲೆ ಕುಸಿಯಿತು. ಕೃಷಿಕನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಕಾಡಿನೊಳಗೆ ಹಗಲಲ್ಲೇ ಮಬ್ಬುಗತ್ತಲೆ. ಛಾವಣಿಯಷ್ಟು ಅಗಲದ ಗರಿಗಳು ಗಾಳಿಗೆ ಒಂದಕ್ಕೊಂದು ತಾಗಿ ತಗಡಿನಂತೆ ಸದ್ದು ಮಾಡುತ್ತಿದ್ದವು. ಗಂಡು ಮರ, ಹೆಣ್ಣು ಮರ ಬೇರೆಬೇರೆ. ಬಿರುಗಾಳಿಯ ರಾತ್ರಿ ಗಂಡು ಮರಗಳು ನಡೆದುಕೊಂಡು ಹೆಣ್ಣು ಮರದ ಬಳಿ ಹೋಗುತ್ತವೆ, ಅದನ್ನು ಕಣ್ಣಾರೆ ಕಂಡವನು ಬದುಕುವುದಿಲ್ಲ ಎಂಬುದು ಅಲ್ಲಿನವರ ಮಾತು. ಕಾಯಿ ಬಲಿಯಲು ಆರೇಳು ವರ್ಷ ಬೇಕು. ಬೀಜವೊಂದು ಹದಿನೇಳು ಕಿಲೋವರೆಗೂ ತೂಗುತ್ತದೆ, ಸಸ್ಯಲೋಕದಲ್ಲೇ ಅತಿ ಭಾರದ ಬೀಜ. ಮಾರ್ಗದರ್ಶಿ ಹೆಂಗಸು ನನ್ನ ಕೈಗೆ ಒಂದನ್ನು ಕೊಟ್ಟರು. ಎತ್ತಿಕೊಂಡ ಭಂಗಿ ನೋಡಿ ಹೆಂಡತಿ, "ಮೊಮ್ಮಗನನ್ನು ಇಷ್ಟು ಜೋಪಾನವಾಗಿ ಹಿಡಿದದ್ದು ನೋಡಿಲ್ಲ" ಎಂದಳು.

"ಹಾಗಾದರೆ ಬೇರೆ ದಂಡೆಗಳಲ್ಲಿ ಇದು ಯಾಕೆ ಹುಟ್ಟಲಿಲ್ಲ?" ಎಂದು ಕೇಳಿದೆ. ಜೀವವಿರುವ ಕಾಯಿ ನೀರಿಗೆ ಬಿದ್ದರೆ ಮುಳುಗುತ್ತದೆಯಂತೆ. ಒಳಗೆಲ್ಲ ಕೊಳೆತು ಟೊಳ್ಳಾದದ್ದು ಮಾತ್ರ ತೇಲುತ್ತದೆ, ಅದು ಮೊಳೆಯುವುದಿಲ್ಲ. ಹಾಗಾಗಿ ಈ ಮರ ಕಾಡಾಗಿ ಉಳಿದದ್ದು ಪ್ರಾಲಿನ್ ಮತ್ತು ಪಕ್ಕದ ಕ್ಯೂರಿಯೂಸ್ ದ್ವೀಪಗಳಲ್ಲಿ ಮಾತ್ರ. ಎಲ್ಲವೂ ಹಡಗು ಹತ್ತಿ ಬಂದ ನಾಡಿನಲ್ಲಿ ಇದೊಂದು ಎಲ್ಲಿಗೂ ಹೋಗಲಾರದೆ ನಿಂತಿದೆ. ಪರವಾನಗಿ ಪತ್ರವಿರುವ ಕಾಯಿ ಕೊಳ್ಳಲು ಸಿಗುತ್ತದೆ. ಬೆಲೆ ಕೇಳಿ ವಾಪಸು ಇಟ್ಟೆ.

ಲಾ ಡೀಗ್ ದ್ವೀಪದಲ್ಲಿ ಜನ ಓಡಾಡುವುದು ಹೆಚ್ಚಾಗಿ ಸೈಕಲ್ಲಿನಲ್ಲೇ. ದುಂಡು ಗ್ರಾನೈಟ್ ಬಂಡೆಗಳ ಅಲ್ಲಿನ ಕಡಲತೀರವನ್ನು ಎಲ್ಲರೂ ಕ್ಯಾಲೆಂಡರಿನಲ್ಲಿ ನೋಡಿಯೇ ಇರುತ್ತಾರೆ. ನನ್ನನ್ನು ನಿಲ್ಲಿಸಿದ್ದು ಅದಕ್ಕೂ ಮೊದಲು ಸಿಗುವ ಹಳೆಯ ಎಸ್ಟೇಟಿನ ವೆನಿಲ್ಲಾ ಬಳ್ಳಿ. ಎರಡು ದಶಕದ ಹಿಂದೆ ನಮ್ಮೂರಲ್ಲೂ ಇದೇ ಬಳ್ಳಿ ಹುಚ್ಚು ಹಿಡಿಸಿತ್ತು. ಬೆಳಗಾಗುತ್ತಲೇ ಕಡ್ಡಿ ಹಿಡಿದು ಹೂವಿಂದ ಹೂವಿಗೆ ಪರಾಗಸ್ಪರ್ಶ ಮಾಡುತ್ತಿದ್ದೆವು, ರಾತ್ರಿ ಕಳ್ಳರಿಗೆ ಹೆದರಿ ಕಾವಲು ಕೂರುತ್ತಿದ್ದೆವು. ಆಮೇಲೆ ಬೆಲೆ ಹೇಗೆ ನೆಲ ಕಚ್ಚಿತೆಂಬುದು ಗೊತ್ತಿರುವುದೇ. ಆ ಕಡ್ಡಿಯ ವಿದ್ಯೆ ಕಂಡುಹಿಡಿದವನು ಇದೇ ಸಾಗರದ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್, 1841ರಲ್ಲಿ ಹನ್ನೆರಡು ವರ್ಷದ ಗುಲಾಮ ಹುಡುಗ. ಸೇಶೆಲ್ಸ್‌ನವರೂ ವೆನಿಲ್ಲಾದಿಂದ ಸಿರಿವಂತರಾಗಿದ್ದರು, ಪ್ರಯೋಗಾಲಯದ ಅಗ್ಗದ ವೆನಿಲಿನ್ ಬಂದ ಮೇಲೆ ಸೋತರು. ಬಳ್ಳಿಯ ಹತ್ತಿರ ನಿಂತು ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೊನೆಯ ರಾತ್ರಿ ಉಳಿದುಕೊಂಡಿದ್ದ ಮನೆಯಾಕೆ ಹುರಿದ ಬಿಲ್ಲೆಗಳ ತಟ್ಟೆ ತಂದಿಟ್ಟು, "ಇದನ್ನು ಇಲ್ಲಿ ತಿಂದವರು ಮತ್ತೆ ಬಂದೇ ಬರುತ್ತಾರೆ" ಎಂದರು. ಕಚ್ಚಿದರೆ ಜೀಗುಜ್ಜೆ! ನಾವು ಪೋಡಿ ಮಾಡುವ ಅದೇ ಜೀಗುಜ್ಜೆ. ಹುಟ್ಟಿದಾಗಿನಿಂದ ತಿನ್ನುತ್ತಿದ್ದೇವೆ ಎಂದು ಹೆಂಡತಿ ಹೇಳಿದಳು. ಆಕೆ ನಕ್ಕು ಇನ್ನೆರಡು ಬಿಲ್ಲೆ ಹಾಕಿದರು. ಉಪ್ಪು ತುಸು ಕಡಿಮೆಯಿತ್ತು.