ಕಡಲೆಕಾಯಿ ಬಿಡಿಸುವ ಕೈ

ಮೇ 3, 2020, ಭಾನುವಾರ, ರಾತ್ರಿ 11.40

ಲಾಕ್‌ಡೌನ್ ಶುರುವಾಗಿ ಇವತ್ತಿಗೆ ನಲವತ್ತು ದಿನ. ನಾಳೆಯಿಂದ ಎಣ್ಣೆ ಅಂಗಡಿ ತೆಗೀತಾರಂತೆ. ನಮ್ಮ ಬೀದಿ ಕೊನೆಯ ಅಂಗಡಿ ಮುಂದೆ ಆಗಲೇ ಸುಣ್ಣದಲ್ಲಿ ಸೊನ್ನೆ ಬರೆದಿಟ್ಟಿದ್ದಾರೆ. ನಮ್ಮ ಶುಕ್ರವಾರದ ಪೋಕರ್ ಇಸ್ಪೀಟಾಟ ಯಾವಾಗ ತೆಗೆಯುತ್ತದೋ ಯಾರಿಗೂ ಗೊತ್ತಿಲ್ಲ.

ಆಟ ನಡೆಯುತ್ತಿದ್ದದ್ದು ಬಸವನಗುಡಿಯ ಗೆಳೆಯನ ಮನೆ ಮಹಡಿಯಲ್ಲಿ. ಆರು ಜನ, ತಲೆಗೆ ಎರಡು ಸಾವಿರ, ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಟ್ಟಬೇಕಾದ ಪಣ) 10-20. ಪರಿಷೆ ಇರಲಿ ಬಿಡಲಿ, ಆ ಮನೆಯಲ್ಲಿ ಒಂದು ಮೊರ ಕಡಲೆಕಾಯಿ ತಪ್ಪುತ್ತಿರಲಿಲ್ಲ. ಕೌಶಲದ ಆಟವಾಗಿ ಆಡುವ ಪೋಕರ್‌ಗೆ ಲೈಸೆನ್ಸ್ ಬೇಡ ಅಂತ 2013ರಲ್ಲಿ ನಮ್ಮ ಹೈಕೋರ್ಟ್ ಹೇಳಿತ್ತಲ್ಲ, ಮನೆಯಲ್ಲಿ ಯಾರಾದರೂ ಜೂಜು ಅಂದರೆ ಅದನ್ನೇ ಗುರಾಣಿ ಮಾಡಿಕೊಳ್ಳುತ್ತಿದ್ದೆ. ನನ್ನಲ್ಲಿ ಎಷ್ಟು ಕೌಶಲ ಇದೆ ಅಂತ ಕೋರ್ಟು ಹೇಳಿರಲಿಲ್ಲ, ಅದು ಬೇರೆ ಮಾತು.

ಈಗ ಮೂರು ವಾರದಿಂದ ಎಲ್ಲ ಮೊಬೈಲಿನಲ್ಲೇ. ಆರೂ ಜನ ಒಂದು ಆಪ್ ಹಾಕಿಕೊಂಡು ನಮ್ಮದೇ ಟೇಬಲ್ ಮಾಡಿಕೊಂಡಿದ್ದೇವೆ. ಅವರು ಮಲಗಿದ ಮೇಲೆ ನಾನು ಗುರುತು ಪರಿಚಯ ಇಲ್ಲದವರ ಟೇಬಲ್ಲಿಗೂ ನುಗ್ಗುತ್ತೇನೆ. ಅಲ್ಲಿ ಪ್ರತಿ ಪಾಟ್‌ನಿಂದಲೂ, ಅಂದರೆ ಆಟದಲ್ಲಿ ಕೂಡಿದ ಪಣದಿಂದಲೂ, ಆಪ್‌ನವರು ರೇಕ್ ಅಂತ ತಮ್ಮ ಪಾಲು ಮುರಿದುಕೊಳ್ಳುತ್ತಾರೆ. ಬಸವನಗುಡಿಯಲ್ಲಿ ಕಾಫಿ ಖರ್ಚು ಕೂಡ ಗೆಳೆಯನದೇ ಆಗಿತ್ತು.

ಗುಂಪಿನಲ್ಲಿ ಒಬ್ಬ ನಿನ್ನೆ ಆಪ್ ಬಿಟ್ಟ. ‘ಮೋಸ ಕಣೋ, ದಿನಾ ಎಕ್ಕದ ಜೋಡಿ ಬರುತ್ತೆ, ದಿನಾ ಸೋಲುತ್ತೆ’ ಅಂತ. ನಾನು ಕಾಗದ ತೆಗೆದು ಲೆಕ್ಕ ಹಾಕಿದೆ. ಕೈಗೆ ಕೊಡುವ ಎರಡೂ ಎಲೆ ಎಕ್ಕ ಆಗುವುದು ಸರಾಸರಿ 221 ಆಟಕ್ಕೊಮ್ಮೆ. ಮಹಡಿಯಲ್ಲಿ ಕಲೆಸಿ, ಹಂಚಿ, ಜಗಳವಾಡಿ, ಗಂಟೆಗೆ ಇಪ್ಪತ್ತೈದು ಆಟ ಆದರೆ ಹೆಚ್ಚು. ಐದು ಗಂಟೆ ಕೂತರೆ ನೂರಿಪ್ಪತ್ತೈದು. ಅಂದರೆ ಎರಡು ಶುಕ್ರವಾರಕ್ಕೊಂದು ಜೋಡಿ. ಮೊಬೈಲಿನಲ್ಲಿ ಒಂದು ಟೇಬಲ್ಲಿಗೆ ಗಂಟೆಗೆ ಎಪ್ಪತ್ತು ಆಟ ಸಾಗುತ್ತದೆ. ಎರಡು ಟೇಬಲ್ ತೆರೆದು ದಿನಕ್ಕೆ ಎರಡು ಗಂಟೆ ಆಡಿದರೆ 280. ಎದುರಿಗೆ ರಾಜನ ಜೋಡಿಯೇ ಇದ್ದರೂ ಎಕ್ಕದ ಜೋಡಿ ಐದಾರು ಸಲಕ್ಕೊಮ್ಮೆ ಸೋಲಲೇಬೇಕು. ಮೊದಲು ಎರಡು ಮೂರು ತಿಂಗಳಿಗೊಮ್ಮೆ ತಿನ್ನುತ್ತಿದ್ದ ಏಟನ್ನು ಅವನು ಈಗ ನಾಲ್ಕೈದು ದಿನಕ್ಕೊಮ್ಮೆ ತಿನ್ನುತ್ತಿದ್ದಾನೆ, ಅಷ್ಟೆ. ಹೇಳಿದರೆ ಕೇಳಲಿಲ್ಲ. ‘ನೀನು ಆಪ್‌ನವರ ಕಡೆ’ ಅಂದ.

2003ರಲ್ಲಿ ಅಮೆರಿಕದ ಒಬ್ಬ ಅಕೌಂಟೆಂಟ್ ಆನ್‌ಲೈನ್‌ನಲ್ಲಿ ಚಿಲ್ಲರೆ ಕಾಸಿನ ಟೂರ್ನಿ ಗೆದ್ದು, ಅದರಿಂದ ಲಾಸ್ ವೇಗಸ್‌ಗೆ ಹೋಗಿ, 839 ಜನರ ಮಧ್ಯೆ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಟೂರ್ನಿ ಗೆದ್ದ. 25 ಲಕ್ಷ ಡಾಲರ್. ಹೆಸರು ಕ್ರಿಸ್ ಮನಿಮೇಕರ್, ಅಡ್ಡಹೆಸರಲ್ಲ, ಮನೆತನದ ಹೆಸರೇ ಅದು. ಅವನು ಪರದೆಯಿಂದ ಮೇಜಿಗೆ ಹೋದ. ನಾನು ಮೇಜಿನಿಂದ ಪರದೆಗೆ ಬಂದೆ. ಮೂರು ವಾರದಲ್ಲಿ 13,600 ಹೋಯಿತು.

ಹೇಗೆ ಹೋಯಿತು ಅನ್ನುವುದಕ್ಕೆ ಮೊನ್ನೆ ಶುಕ್ರವಾರದ ಒಂದು ಆಟ ಸಾಕು. ನನ್ನ ಕೈಲಿ ಎಕ್ಕ, ರಾಣಿ. ಫ್ಲಾಪ್‌ನಲ್ಲಿ, ಅಂದರೆ ಎಲ್ಲರಿಗೂ ಸೇರಿ ಬಿಚ್ಚುವ ಮೊದಲ ಮೂರು ಎಲೆಯಲ್ಲಿ, ರಾಣಿ, 9, 4. ನಾಲ್ಕನೆಯದು (ಟರ್ನ್) 2, ಐದನೆಯದು (ರಿವರ್) 3. ನಾನು ಬೆಟ್ ಮಾಡಿದೆ, ನಮ್ಮ ಗುಂಪಿನ ಮೇಷ್ಟ್ರು ಮೂರು ಪಟ್ಟು ಏರಿಸಿದರು. ಮಹಡಿಯಲ್ಲಾಗಿದ್ದರೆ ನಾನು ಅವರ ಮುಖವನ್ನೇ ನೋಡುತ್ತಿರಲಿಲ್ಲ. ಮೇಷ್ಟ್ರಿಗೆ ಒಳ್ಳೆ ಎಲೆ ಬಿದ್ದರೆ ಕಡಲೆಕಾಯಿ ಬಿಡಿಸುವ ಕೈ ನಿಂತುಬಿಡುತ್ತದೆ. ಸಿಪ್ಪೆ ಅರ್ಧ ಒಡೆದಿರುತ್ತದೆ, ಕಾಳು ಒಳಗೇ ಇರುತ್ತದೆ. ಬ್ಲಫ್ ಆದರೆ ಟಪಟಪ ಬಿಡಿಸುತ್ತಲೇ ಇರುತ್ತಾರೆ. ಮೊಬೈಲಿನಲ್ಲಿ ಅವರ ಜಾಗದಲ್ಲಿ ಆಪ್ ಕೊಟ್ಟ ಒಂದು ನರಿ ಕೂತಿತ್ತು. ಅದರ ಸುತ್ತ ಹಸಿರು ಬಳೆ ಕರಗುತ್ತಾ ಕೆಂಪಾಯಿತು. ಹದಿನೈದು ಸೆಕೆಂಡು. ಅವರ ಕೈಲಿ 5-6 ಇದ್ದರೆ ಸ್ಟ್ರೈಟ್ (ಐದು ಎಲೆ ಸಾಲಾಗಿ) ಅಂತ ಹೆದರಿ ಫೋಲ್ಡ್ ಒತ್ತಿ ಆಟ ಬಿಟ್ಟುಕೊಟ್ಟೆ. ನರಿ ಎಲೆ ತೋರಿಸಿತು: ಗುಲಾಮ, ಹತ್ತು. ಬರೀ ಗಾಳಿ.

ಆಮೇಲೆ ಹಳೇ ಡೈರಿ ತೆಗೆದೆ. ಹೋದ ವರ್ಷ ಲಾಭ 41 ಸಾವಿರ. ಯಾರಿಂದ ಎಷ್ಟು ಅಂತ ಕೂಡಿಸುತ್ತಾ ಹೋದರೆ ಮೂವತ್ತು ಸಾವಿರದ ಹತ್ತಿರ ಮೇಷ್ಟ್ರೊಬ್ಬರ ಜೇಬಿನದೇ. ಉಳಿದ ನಾಲ್ವರಿಂದ ಬಂದದ್ದು ಪೆಟ್ರೋಲಿಗೆ ಸರಿಹೋಗಿರಬೇಕು.

ಹೆಂಡತಿ ಊಟಕ್ಕೆ ಮೂರು ಸಲ ಕರೆದು, ಕೊನೆಗೆ ತಟ್ಟೆ ತಂದು ಮೊಬೈಲ್ ಪಕ್ಕ ಇಟ್ಟಳು. ‘ಆಗ ಶುಕ್ರವಾರ ಒಂದಿನ ಮನೇಲಿ ಇರ್ತಿರ್ಲಿಲ್ಲ. ಈಗ ಮನೇಲಿದ್ರೂ ಇಲ್ಲ’ ಅಂದಳು. ಉತ್ತರ ಹುಡುಕುವಷ್ಟರಲ್ಲಿ ನನ್ನ ಸರದಿ ಬಂತು.

ಸಂಜೆ ಮೇಷ್ಟ್ರಿಗೆ ಫೋನ್ ಮಾಡಿದ್ದೆ. ಆ ಕಡೆಯಿಂದ ಸಿಪ್ಪೆ ಒಡೆಯುವ ಸದ್ದು ಕೇಳುತ್ತಿತ್ತು.

‘ಸರ್, ಮುಂದಿನ ವಾರ ವಿಡಿಯೊ ಕಾಲ್ ಹಾಕ್ಕೊಂಡು ಆಡೋಣ. ಎಲ್ಲರ ಮುಖ ನೋಡಿದ ಹಾಗೂ ಆಗುತ್ತೆ.’

‘ಆಡೋಣ, ಅದಕ್ಕೇನಂತೆ’ ಅಂದರು. ಸದ್ದು ನಿಂತಿತು. ‘ಆದ್ರೆ ವಿಡಿಯೊದಲ್ಲಿ ಮುಖ ತಾನೆ ಕಾಣೋದು? ನಿನಗೆ ಬೇಕಾಗಿರೋದು ನನ್ನ ಕೈ ಅಲ್ವೇನಪ್ಪಾ?’