ಸಂದರ್ಶನ ಅಧ್ಯಯನದ ಮರುಪರೀಕ್ಷೆ: ಕೋಡ್‌ಬುಕ್ ಹಂತದ ಪ್ರಗತಿ

ಸಾಫ್ಟ್‌ವೇರ್ ಕೆಲಸದಲ್ಲಿ ಅಗತ್ಯಗಳು (ತಂಡದಿಂದ ಕೇಳಿದ್ದು) ಹೇಗೆ ಬದಲಾಗುತ್ತವೆ ಎಂಬ ಹಿಂದಿನ ಸಂದರ್ಶನ ಅಧ್ಯಯನವನ್ನು ಮತ್ತೆ ಮಾಡಿ ನೋಡುವ ಕೆಲಸವಿದು. ಸದ್ಯ: 12 ಸಂದರ್ಶನಗಳನ್ನು ಬರಹಕ್ಕಿಳಿಸಿ ಆಗಿದೆ. ಮೊದಲ ಸುತ್ತಿನ ಕೋಡಿಂಗ್ (ಮಾತಿನ ಪ್ರತಿ ತುಣುಕಿಗೂ ವಿಷಯದ ಗುರುತು, ಅಂದರೆ ಕೋಡ್, ಹಾಕುವುದು) ಮುಗಿದಿದೆ. ಎರಡನೇ ಸುತ್ತು ನಿಂತಿದೆ, ಕಾರಣ ಕೆಳಗಿದೆ.

ಮೊದಲ ಸುತ್ತನ್ನು ಮೂಲ ಅಧ್ಯಯನದ ಫಲಿತಾಂಶ ತೆರೆಯದೆಯೇ ಮಾಡಬೇಕು. ಆ ಫಲಿತಾಂಶ ಒಮ್ಮೆ ಕಣ್ಣಿಗೆ ಬಿದ್ದರೆ ಯಾವ ಮಾತು ಓದಿದರೂ ಅದೇ ಕಾಣುತ್ತದೆ. ಆಮೇಲೆ ಫಲಿತಾಂಶ ಹೊಂದಿತು ಎಂದರೆ ನಂಬುವುದು ಹೇಗೆ?

ಎರಡನೇ ಸುತ್ತಿಗೆ ಮೂಲದ ಕೋಡ್‌ಬುಕ್. ಅದರಲ್ಲಿ ಕೋಡ್‌ಗಳ ಹೆಸರಿದೆ, ತಲಾ ಒಂದು ಸಾಲಿನ ವಿವರಣೆಯಿದೆ. ಯಾವುದು ಸೇರುವುದಿಲ್ಲ ಎಂಬುದಿಲ್ಲ. ‘ಅಗತ್ಯದ ಬದಲಾವಣೆ’ ಕೋಡನ್ನು ಇಬ್ಬರು ಪ್ರತ್ಯೇಕವಾಗಿ ಕೂತು 200 ತುಣುಕುಗಳ ಮೇಲೆ ಪ್ರಯೋಗಿಸಿದರು. ಇಬ್ಬರೂ ಹಾಕಿದ್ದು 14, ಇಬ್ಬರೂ ಬಿಟ್ಟದ್ದು 160, ಮೊದಲನೆಯವರು ಮಾತ್ರ ಹಾಕಿದ್ದು 12, ಎರಡನೆಯವರು ಮಾತ್ರ 14. ಹೊಂದಿಕೆ ಶೇ 87. ಕೇಳಲು ಚೆನ್ನಾಗಿದೆ, ಆದರೆ ಅಪರೂಪದ ಕೋಡ್ ಆದ್ದರಿಂದ ಬರೀ ಆಕಸ್ಮಿಕವಾಗಿಯೇ ಶೇ 76.6 ಹೊಂದಿಕೆ ಬರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದರೆ ಕೋಹೆನ್ ಕಪ್ಪಾ (ಆಕಸ್ಮಿಕದ ಪಾಲು ಕಳೆದ ಹೊಂದಿಕೆಯ ಅಳತೆ, ಪೂರ್ಣ ಹೊಂದಿದರೆ 1) 0.44 ಅಷ್ಟೇ. ಈ ಸಂಖ್ಯೆ ಇಟ್ಟುಕೊಂಡು ಮುಂದುವರಿಯುವುದು ಸರಿಯಲ್ಲ.

ತಾಳೆಯಾಗದ 26 ತುಣುಕುಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ಹೆಚ್ಚಿನವು ಒಂದೇ ಬಗೆಯವು: “ನಾವು ಕೇಳಿದ್ದು ಇದಲ್ಲ, ವರದಿಯಲ್ಲಿ ತಿಂಗಳ ಮೊತ್ತವೂ ಬರಬೇಕಿತ್ತು.” ಇದು ಬದಲಾವಣೆಯೋ, ಮೊದಲೇ ಇದ್ದ ಅಗತ್ಯದ ಸ್ಪಷ್ಟನೆಯೋ? ಈಗ ಸೇರಿಸಿರುವ ನಿಯಮ: ಮೊದಲು ಒಪ್ಪಿದ್ದು ಬೇರೆ ಎಂದು ಮಾತಿನಲ್ಲೇ ಗೊತ್ತಾದರೆ ಬದಲಾವಣೆ, ಇಲ್ಲದಿದ್ದರೆ ಸ್ಪಷ್ಟನೆ. ಹಾಗಾಗಿ ಮೇಲಿನ ಮಾತು ಸ್ಪಷ್ಟನೆಗೇ ಹೋಗುತ್ತದೆ. ಪ್ರತಿ ಕೋಡ್‌ಗೂ ಸೇರುವ ಒಂದು, ಸೇರದ ಒಂದು ಉದಾಹರಣೆ ಕಡ್ಡಾಯ. ನಿಯಮ ತಿದ್ದಿದ ದಿನಾಂಕ, ಕಾರಣ ಬೇರೆ ಹಾಳೆಯಲ್ಲಿ. ಮೂಲದ ಕೋಡ್‌ಬುಕ್ ಮುಟ್ಟುವಂತಿಲ್ಲ. ಮರುಲೆಕ್ಕ ಹೊಸ ತುಣುಕುಗಳ ಮೇಲೇ ಆಗಬೇಕು. ಚರ್ಚಿಸಿದ ತುಣುಕುಗಳಲ್ಲಿ ಕಪ್ಪಾ ಏರುವುದು ನೆನಪಿನಿಂದ, ನಿಯಮದಿಂದಲ್ಲ.

ಇನ್ನೊಂದು ತೊಡಕು ಪ್ರಶ್ನಾವಳಿಯದು. “ಅಗತ್ಯಗಳ ದಾಖಲೆಗೆ ಸಹಿ ಆದಮೇಲೆ ಏನಾಯಿತು?” ಎಂಬ ಮೂಲ ಪ್ರಶ್ನೆಗೆ ಎರಡು ವಾರದ ಸ್ಪ್ರಿಂಟ್‌ಗಳಲ್ಲಿ (ಕೆಲಸವನ್ನು ಹಂಚಿಕೊಂಡ ಚಿಕ್ಕ ಅವಧಿಗಳಲ್ಲಿ) ಕೆಲಸ ಮಾಡುವ ತಂಡದಲ್ಲಿ ಅರ್ಥವೇ ಇಲ್ಲ; ಅಲ್ಲಿ ಸಹಿ ಎಂಬ ಘಟ್ಟವೇ ಬರುವುದಿಲ್ಲ. “ಸ್ಪ್ರಿಂಟ್ ಶುರುವಾದ ಮೇಲೆ ಒಳಬಂದ ಕೆಲಸ ಯಾವುದು?” ಎಂದು ಬದಲಿಸಲಾಗಿದೆ. ಹೀಗೆ ಬದಲಿಸಿದ ಮೇಲೆ ಈ ಭಾಗವನ್ನು ಯಥಾವತ್ ಪುನರಾವರ್ತನೆ ಎನ್ನಲಾಗದು. ಪರಿಕಲ್ಪನೆಯ ಮಟ್ಟದ ಪುನರಾವರ್ತನೆ (ಅದೇ ವಿಚಾರವನ್ನು ಬೇರೆ ರೀತಿಯಲ್ಲಿ ಪರೀಕ್ಷಿಸುವುದು) ಎಂದೇ ವರದಿಯಲ್ಲಿ ಬರೆಯಬೇಕು.

ಮುಂದಿನ ಕೆಲಸ: ಹೊಸ 100 ತುಣುಕು, ಅದೇ ಇಬ್ಬರು, ತಿದ್ದಿದ ನಿಯಮ.